ಖಣದ ಮೂಲೆಯ ಚವಳಿಕಾಯಿ

ಸಾವಳಗಿಯ ಹೊರಗಿನ ಹೊಲದಲ್ಲಿ ಇನ್ನೂ ಮಬ್ಬುಗತ್ತಲು. ಬದುವಿನ ಮೇಲೆ ಬುಟ್ಟಿ ಇಟ್ಟು, ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡು ಶಂಕ್ರೆವ್ವ ಚವಳಿಕಾಯಿಯ ಸಾಲಿಗೆ ಇಳಿಯುತ್ತಾರೆ. ಬೇರೆ ಕಡೆ ಗೋರಿಕಾಯಿ ಎನ್ನುವ ಈ ಕಾಯಿಯ ಗಿಡ ಮೈಗೆ ತಾಗಿದರೆ ದಿನವಿಡೀ ತುರಿಕೆ. ಅದಕ್ಕೇ ಅಂಗಿ. ಬಿಸಿಲೇರಿದರೆ ಕಿತ್ತ ಕಾಯಿ ಬಾಡುತ್ತದೆ. ಅದಕ್ಕೇ ಈ ಹೊತ್ತು.

ಮೊದಲ ಗೊಂಚಲಿಗೆ ಕೈ ಹಾಕಿ ಎಳೆಯ ಕಾಯೊಂದನ್ನು ಮುರಿಯುತ್ತಾರೆ. ಅದನ್ನು ಬುಟ್ಟಿಗೆ ಹಾಕುವುದಿಲ್ಲ. ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿಯುತ್ತಾರೆ. ಆಮೇಲೆ ಪಕ್ಕಕ್ಕೆ ಉಗಿಯುತ್ತಾರೆ.

"ಬಂತವ್ವಾ ಆಡು!" ಹೊಲದೊಡತಿ ಹಣಮವ್ವ ಆಚೆ ಸಾಲಿನಿಂದ ಕೂಗುತ್ತಾರೆ. "ಹ್ವಾದ ವಾರಾನೂ ಕಡದಿ, ಇವತ್ತೂ ಕಡದಿ. ರಾತ್ರಿ ಬಂದು ನಾ ಗಿಡಾ ಬದಲಿ ಮಾಡಿರತೇನೇನಬೇ?"

"ಯಾರಿಗ್ಗೊತ್ತವಾ, ಮಾಡಿದ್ರೂ ಮಾಡಿರತಿ," ಎಂದು ನಗುತ್ತಾರೆ ಶಂಕ್ರೆವ್ವ. ನಗು ಬೇಗ ಆರುತ್ತದೆ. "ಅಲ್ಲ. ಇದೂ ಅಲ್ಲ."

ಹತ್ತು ಹನ್ನೆರಡು ವರ್ಷಗಳಿಂದ ಅವರು ಈ ಮಾತು ಹೇಳುತ್ತ ಬಂದಿದ್ದಾರೆ. ಸಾವಳಗಿ, ತೇರದಾಳ, ಮಹಾಲಿಂಗಪುರದ ಸುತ್ತ ಯಾರ ಹೊಲದಲ್ಲಿ ಚವಳಿಕಾಯಿ ಬಿಡಿಸಲು ಹೋದರೂ ಮೊದಲ ಕಾಯಿ ಅವರ ಹಲ್ಲಿಗೆ. ಕೂಲಿಗೆ ಬರುವ ಹೆಂಗಸರು ಅದಕ್ಕೇ 'ಆಡು' ಎಂದು ಹೆಸರಿಟ್ಟಿದ್ದಾರೆ. ಕಾಯಿ ಬಿಡಿಸಿ, ತಮ್ಮ ಪಾಲಿನ ಬುಟ್ಟಿ ಹೊತ್ತು, ಮೊದಲ ಬಸ್ಸಿಗೆ ಜಮಖಂಡಿಗೆ ಹೋಗಿ, ಪೇಟೆಯಲ್ಲಿ ಗೋಣಿತಟ್ಟು ಹಾಸಿ ಕೂತು ಮಾರಿ ಬರುವುದು ಅರವತ್ತು ದಾಟಿದ ಶಂಕ್ರೆವ್ವನ ದುಡಿಮೆ. ಆದರೆ ಅವರು ಹುಡುಕುತ್ತಿರುವುದು ತವರಿನ ಚವಳಿಕಾಯಿಯನ್ನು.

ತವರು ಬೀಳಗಿಯ ಕಡೆ. ಆ ಹೊಲದ ಮೇಲೆ ಈಗ ಆಲಮಟ್ಟಿಯ ಹಿನ್ನೀರು ನಿಂತಿದೆ. ಮದುವೆಯಾಗಿ ಸಾವಳಗಿಗೆ ಬರುವಾಗ ತಾಯಿ ಉಡಿ ತುಂಬಿದ್ದರು. ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬಿನ ಜೊತೆಗೆ ಒಂದು ಕುಪ್ಪಸದ ಖಣ. ಆ ಖಣದ ಮೂಲೆಯಲ್ಲಿ ಒಂದು ಗಂಟು, ಗಂಟಿನೊಳಗೆ ಒಂದು ಚಿಟಿಕೆ ಚವಳಿಕಾಯಿ ಬೀಜ. ಹೊಲ ಮುಳುಗಿತು, ಮನೆ ಮುಳುಗಿತು. ಕಾಯಿ ಮಾತ್ರ ಸಾವಳಗಿಯಲ್ಲಿ, ಶಂಕ್ರೆವ್ವನ ಹಿತ್ತಲಲ್ಲೂ ನೆರೆಹೊರೆಯ ಹೊಲಗಳಲ್ಲೂ, ಬಹಳ ವರ್ಷ ಬೆಳೆಯಿತು.

"ಹಸೀದ ಕಡದ್ರ ಮೊದಲ ಒಂದೀಟು ಕಹಿ ಬರತಿತ್ರೀ. ಆಮ್ಯಾಲ ಎಳೀ ಸೌತಿಕಾಯಿಗತೆ ಸಿಹಿ," ಎನ್ನುತ್ತಾರೆ. "ಪಲ್ಲೆಕ್ಕ ಬೆಲ್ಲಾ ಹಾಕೂ ಹಂಗ ಇದ್ದಿಲ್ಲ. ಶೇಂಗಾಪುಡಿ ಉದುರಿಸಿ, ಬಿಸಿ ರೊಟ್ಟಿ ಮ್ಯಾಲ ಹಾಕಿಕೊಂಡ್ರ ನಮ್ಮವ್ವ ಬಾಜೂಕ ಕುಂತಂಗ ಆಕ್ಕಿತ್ತು."

ಆ ಕಾಯಿ ಹೋದದ್ದು ಹೇಗೆ ಎಂದು ಕೇಳಿದರೆ, ಶಂಕ್ರೆವ್ವ ಕೈಯೆತ್ತಿ ಪಶ್ಚಿಮಕ್ಕೆ ತೋರಿಸುತ್ತಾರೆ. "ಅಮೇರಿಕಾಕ್ಕ."

ಅದು ತಮಾಷೆಯಲ್ಲ. ಅಮೆರಿಕದಲ್ಲಿ ನೆಲದಾಳದ ಶೇಲ್ ಎಂಬ ಕಲ್ಲಿನ ಪದರಿನೊಳಗೆ ಎಣ್ಣೆಯೂ ಅನಿಲವೂ ಸಿಕ್ಕಿಕೊಂಡಿವೆ. ಹಳೆಯ ಬಾವಿಗಳಂತೆ ಕೊರೆದ ಮಾತ್ರಕ್ಕೆ ಅವು ಬರುವುದಿಲ್ಲ. ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳಬೇಕು. ಸೀಳು ಮತ್ತೆ ಮುಚ್ಚಿಕೊಳ್ಳದಂತೆ ಅದರೊಳಗೆ ಮರಳು ತುಂಬಬೇಕು. ತೆಳು ನೀರು ಮರಳನ್ನು ಹೊತ್ತೊಯ್ಯದು, ನೀರು ಗಂಜಿಯಂತೆ ಮಂದವಾಗಬೇಕು. ಹಾಗೆ ಮಂದ ಮಾಡಲು ಸಿಕ್ಕ ಒಳ್ಳೆಯ ಅಂಟು ಚವಳಿಕಾಯಿಯ ಬೀಜದ್ದು. ಜಗತ್ತಿಗೆ ಅದನ್ನು ಹೆಚ್ಚಾಗಿ ಕೊಡುವುದು ನಮ್ಮ ದೇಶ. ರಾಜಸ್ಥಾನದಲ್ಲಿ ಎಕರೆಗಟ್ಟಲೆ ಬೆಳೆಯುತ್ತಾರೆ. ೨೦೧೨ರ ಹೊತ್ತಿಗೆ ಅಮೆರಿಕದಲ್ಲಿ ಎಷ್ಟು ಬಾವಿ ಕೊರೆದರೆಂದರೆ, ಇಲ್ಲಿ ಬೀಜದ ದರ ಆಕಾಶಕ್ಕೇರಿತು. ವ್ಯಾಪಾರಿಗಳು ಹೊಸ ಊರುಗಳನ್ನು ಹುಡುಕಿಕೊಂಡು ಹೊರಟರು.

ಸಾವಳಗಿಗೆ ಬಂದದ್ದು ಶಿವಾಜಿ ಎಂಬ ಮಿರಜ ಕಡೆಯ ಟೆಂಪೊ ಚಾಲಕ. ವ್ಯಾಪಾರಿಯೊಬ್ಬನ ಪರವಾಗಿ ಬೀಜ ಕೊಳ್ಳುತ್ತಿದ್ದ. ಯಾಕೆ ಇಷ್ಟು ದರ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವನ್ನು ಶಂಕ್ರೆವ್ವ ಅವನದೇ ದನಿಯಲ್ಲಿ ಹೇಳುತ್ತಾರೆ: "ಆಯಿ, ಅಲ್ಲೆ ಬೋರ್ ಹೊಡಿತಾರ. ನೀರ ಬರಂಗಿಲ್ಲ, ಎಣ್ಣಿ ಬರತೈತಿ. ಆ ಬೋರಿಗೆ ನಿಮ್ಮ ಚವಳಿಕಾಯಿ ಉಣಸಬೇಕಂತ."

"ನಾ ನಕ್ಕೆ ನೋಡ್ರಿ. ನಾವು ಮನ್ಯಾಗಿನ ಗಂಡಸರಿಗೆ ಉಣಸತೇವಿ, ಅವ್ರು ಕಲ್ಲಿಗೆ ಉಣಸತಾರ ಅಂದೆ."

ಈ ಊರಿನ ಹೆಂಗಸರಲ್ಲಿ ಒಂದು ರೂಢಿಯಿತ್ತು. ಚವಳಿಕಾಯಿಯ ಕೊನೆಯ ಸಾಲಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಅದು ಬೀಜದ ಸಾಲು. ಒಬ್ಬರ ಬೀಜ ಹುಳ ಹಿಡಿದರೆ ಪಕ್ಕದ ಮನೆಗೆ ಅರಿಸಿನ ಕುಂಕುಮ ಹಿಡಿದು ಹೋಗಿ ಒಂದು ಹಿಡಿ ಬೇಡಿ ತರುತ್ತಿದ್ದರು. ಬೀಜಕ್ಕೆ ತಕ್ಕಡಿ ಹಿಡಿದವರಿಲ್ಲ. ಆ ವರ್ಷ ಅದೇ ನಂಬಿಕೆ ಮೋಸ ಮಾಡಿತು.

"ಬೀಜದ ಸಾಲೂ ಕಿತ್ತು ಕೊಟ್ಟೆ. ಹಣಮವ್ವನ ಕಡೆ ಇರತೈತಲ್ಲ, ಬೇಡಿ ತಂದ್ರಾತು ಅಂದೆ. ಹಣಮವ್ವಾ ಏನ ಅಂದ್ಲು? ಶಂಕ್ರಿ ಕಡೆ ಇರತೈತಲ್ಲ ಅಂದ್ಲು. ಮುಂಗಾರಿ ಬಂತು. ನಾ ಕುಂಕಮದ ಬಟ್ಟಲಾ ಹಿಡಕೊಂಡು ಅಕಿ ಮನಿಗೆ ಹೊಂಟೇನಿ, ಅಕಿ ಕುಂಕಮದ ಬಟ್ಟಲಾ ಹಿಡಕೊಂಡು ನಮ್ಮ ಮನಿಗೆ ಬರಾಕತ್ಯಾಳ. ಹಾದ್ಯಾಗ ನಿಂತು ಒಬ್ಬರ ಮಾರಿ ಒಬ್ರು ನೋಡಿದ್ವಿ."

ಊರೆಲ್ಲ ಹಾಗೇ ಮಾಡಿತ್ತು. ಆ ವರ್ಷ ವ್ಯಾಪಾರಿಯೇ ಚೀಲದಲ್ಲಿ ಬಿತ್ತನೆ ಬೀಜ ತಂದು ಹಂಚಿದ. ಅಂಟಿಗೆಂದೇ ಬೆಳೆಯುವ ತಳಿ ಅದು. ಮೈತುಂಬ ಕವಲು, ಕಾಯಿಯ ಮೇಲೆ ಕೂದಲಿನಂಥ ಸುಂಕು, ಬಾಯಿಗಿಟ್ಟರೆ ನಾರು. ಒಂದೆರಡು ಹಂಗಾಮು ಟೆಂಪೊ ಬಂತು, ಆಮೇಲೆ ಬರಲಿಲ್ಲ. ಶೇಲ್ ಎಣ್ಣೆ ಪೇಟೆಯಲ್ಲಿ ಹೊಳೆಯಾಗಿ ಹರಿದು, ಕೊಲ್ಲಿಯ ದೇಶಗಳೂ ತಮ್ಮ ಎಣ್ಣೆ ಕಡಿಮೆ ಮಾಡದೆ, ದರ ಕುಸಿದಿತ್ತು. ದರ ಕುಸಿದದ್ದೇ ಬಾವಿ ಕೊರೆಯುವವರು ಯಂತ್ರ ನಿಲ್ಲಿಸಿದರು. ಕೆಲವರು ಅಂಟಿನ ಬದಲು ಬೇರೆ ರಾಸಾಯನಿಕ ಹಿಡಿದರು. ಇದನ್ನೆಲ್ಲ ಶಂಕ್ರೆವ್ವ ಮಹಾಲಿಂಗಪುರದ ಬೆಲ್ಲದ ಪೇಟೆಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಿದ್ದಾರೆ. "ಎಲ್ಲಾರೂ ಒಂದ ದಿನಾ ಬೆಲ್ಲಾ ತಂದು ಸುರಿವಿದ್ರ ಏನಾಕ್ಕೈತಿ? ಅದ ಆತು. ಬೆಲ್ಲದ ರೇಟ್ ಬಿದ್ರ ಗಾಣಾ ಬಂದ್. ಎಣ್ಣಿ ರೇಟ್ ಬಿದ್ರ ಬೋರ್ ಬಂದ್."

ಅವರ ಮನೆಯಲ್ಲೂ ಈಗ ಗ್ಯಾಸ್ ಒಲೆ ಇದೆ. ಈಚೆಗೆ ಅಮೆರಿಕದಿಂದಲೂ ಅಡುಗೆ ಅನಿಲ ಹಡಗಿನಲ್ಲಿ ಬರುತ್ತದೆ, ಅದೂ ಅದೇ ಸೀಳಿದ ಕಲ್ಲಿನದು ಎಂದು ಯಾರೋ ಹೇಳಿದಾಗ ಅವರು ಎಂದದ್ದು ಇಷ್ಟು: "ಚವಳಿಕಾಯಿ ಹೋತು, ಗ್ಯಾಸ್ ಬಂತು. ಆ ಗ್ಯಾಸಿನ ಮ್ಯಾಲ ಬೇಯಿಸಾಕ ಆ ಚವಳಿಕಾಯಿ ಇಲ್ಲ."

ಅಂದಿನಿಂದ ಎಣ್ಣೆಯ ದರದ ಮೇಲೆ ಅವರಿಗೊಂದು ಕಣ್ಣು. ಕೊಲ್ಲಿಯ ಕಡೆ ಗದ್ದಲ ಎಂದು ಟಿವಿಯಲ್ಲಿ ಬಂದರೆ ಮರುದಿನ ಬಸ್ ಚಾಲಕನನ್ನು ಕೇಳುತ್ತಾರೆ, "ಎಣ್ಣಿ ರೇಟ್ ಏರೈತೇನೋ ತಮ್ಮಾ?"

"ಯಾಕಬೇ ಆಯಿ, ಟ್ಯಾಂಕರ್ ತೊಗೊಂಡಿಯೇನು?" ಎಂದು ಅವನು ಕಾಲೆಳೆಯುತ್ತಾನೆ. ದರ ಏರಿದರೆ ಮತ್ತೆ ಟೆಂಪೊ ಬರುತ್ತದೆ, ಬೇರೆ ಊರುಗಳಲ್ಲಿ ಉಳಿದ ಬೀಜದ ಸಾಲೂ ಹೋಗುತ್ತದೆ ಎಂಬ ದಿಗಿಲು ಅವನಿಗೆ ತಿಳಿಯದು.

ತಿರುವು ಬಂದದ್ದು ಹೋದ ಬೇಸಿಗೆಯಲ್ಲಿ. ಊರಲ್ಲೊಂದು ಕುಬಸ. ಬಸುರಿ ಹುಡುಗಿಗೆ ಕೊಡಲು ತಂದ ಖಣದ ಮೂಲೆಗೆ ಶಂಕ್ರೆವ್ವನ ಕೈ ತಾನಾಗಿ ಹೋಯಿತು. ತಾಯಿಯಿಂದ ಬಂದ ಅಭ್ಯಾಸ. ಬೀಜ ಇಲ್ಲದ್ದರಿಂದ ನಾಲ್ಕು ಜೋಳದ ಕಾಳು ಹಾಕಿ ಗಂಟು ಕಟ್ಟುತ್ತಿದ್ದಾಗ ಥಟ್ಟನೆ ನೆನಪಾಯಿತು. ಟೆಂಪೊ ಬರುವುದಕ್ಕೆ ಸ್ವಲ್ಪ ಮೊದಲು, ನೆರೆಮನೆಯ ಮಗಳು ರಾಜಶ್ರೀಯ ಕುಬಸಕ್ಕೂ ಹೀಗೇ ಗಂಟು ಕಟ್ಟಿದ್ದೆನಲ್ಲ, ಆಗ ಗಂಟಿನಲ್ಲಿ ಇದ್ದದ್ದು ಬೀಜವೇ ಅಲ್ಲವೇ?

ರಾಜಶ್ರೀ ಈಗ ರಬಕವಿಯಲ್ಲಿದ್ದಾರೆ, ಮಗಳು ಶಾಲೆಗೆ ಹೋಗುತ್ತಾಳೆ. ಶಂಕ್ರೆವ್ವ ಬಸ್ ಹತ್ತಿ ನೇರ ಅವರ ಮನೆಗೆ ಹೋದರು. ಆದರೆ ಈ ಭಾಗದಲ್ಲಿ ಒಬ್ಬ ಹೆಣ್ಣುಮಗಳನ್ನು ಕೇಳಬಾರದ ಪ್ರಶ್ನೆಯೊಂದಿದ್ದರೆ ಅದು ಇದೇ: ನಾನು ಕೊಟ್ಟ ಖಣ ಏನು ಮಾಡಿದೆ? ಉಡಿಯಲ್ಲಿ ಬಂದ ಖಣಗಳನ್ನು ಯಾರೂ ಹೊಲಿಸುವುದಿಲ್ಲ. ಟ್ರಂಕಿನಲ್ಲಿಟ್ಟು ಇನ್ನೊಬ್ಬರ ಉಡಿಗೆ ದಾಟಿಸುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಒಪ್ಪುವುದಿಲ್ಲ.

"ಅವತ್ತ ಹೊಲಿಸಿದೆ ಆಯಿ. ತೊಟ್ಟು ತೊಟ್ಟು ಹರದೂ ಹೋತು," ಎಂದರು ರಾಜಶ್ರೀ.

"ಹೌದಾ? ಹೊಲ್ಯಾಕ ಕೊಡೂವಾಗ ಗಂಟ ಬಿಚ್ಚಿದಿ?"

"ಯಾವ ಗಂಟು?"

ಶಂಕ್ರೆವ್ವ ನಕ್ಕುಬಿಟ್ಟರು. ರಾಜಶ್ರೀ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಖಣ ಅದೇ ವರ್ಷ ಬನಹಟ್ಟಿಯ ಸೋದರತ್ತೆ ಮಾಯವ್ವನ ಉಡಿ ಸೇರಿತ್ತು.

ಮಾಯವ್ವ ಮಗ್ಗದ ಮನೆಯವರು, ಶಂಕ್ರೆವ್ವ ಹೋದಾಗ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದರು. "ನಾ ಯಾರ ಖಣಾನೂ ದಾಟಸಂಗಿಲ್ಲವಾ, ಅಂಥಾಕಿ ಅಲ್ಲ ನಾ," ಎಂದವರು ಟ್ರಂಕು ತೆರೆದಾಗ ಒಳಗೆ ಖಣಗಳ ಒಟ್ಟಿಲು. ದಾಟಿಸಲು ಒಳ್ಳೆಯ ದಿನ ಕಾಯುತ್ತಿದ್ದವು. ತಳದಲ್ಲಿ ಸಿಕ್ಕಿತು, ಹಸಿರು ಖಣ. ಮೂಲೆಯಲ್ಲಿ ಗಂಟು ಇನ್ನೂ ಇತ್ತು. ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತಿತ್ತು.

"ಅಕ್ಕಿಕಾಳು ಅಂತ ತಿಳದಿದ್ದೆ," ಎಂದರು ಮಾಯವ್ವ. ಶಂಕ್ರೆವ್ವ ಖಣ ಕೈಗೆತ್ತಿಕೊಂಡರು. ಗಂಟು ಬಿಚ್ಚದೆ ಕಣ್ಣಿಗೊತ್ತಿಕೊಂಡು ಬಸ್ಸಿನುದ್ದಕ್ಕೂ ಮುಷ್ಟಿಯಲ್ಲಿ ಹಿಡಿದು ಬಂದರು.

ಅಷ್ಟು ವರ್ಷ ಮಲಗಿದ್ದ ಬೀಜ. ಮುಂಗಾರಿನಲ್ಲಿ ಮನೆಯ ಹಿತ್ತಲಿಗೆ ಹಾಕಿದಾಗ ಎಲ್ಲ ಏಳಲಿಲ್ಲ, ಎದ್ದವೂ ಎಲ್ಲ ನಿಲ್ಲಲಿಲ್ಲ. ನಿಂತವು ಈಗ ಒಂದು ಸೀರೆ ಹಾಸಿದಷ್ಟು ಉದ್ದದ ಸಾಲು. ಕಾಯಿ ಬಿಟ್ಟಿವೆ. ನುಣುಪು ಮೈ, ಸುಂಕಿಲ್ಲ, ಹಸಿರಿನಲ್ಲಿ ಒಂದು ಬಗೆಯ ತಿಳಿ. ನೋಡಲು ಅದೇ. ಆದರೆ ನೋಡಲು ಅದೇ ಎನಿಸಿದ ಕಾಯಿಗಳನ್ನು ಅವರು ಎಷ್ಟೋ ಹೊಲಗಳಲ್ಲಿ ಉಗಿದಿದ್ದಾರೆ. ರುಚಿ ನೋಡದೆ ಹೇಳುವಂತಿಲ್ಲ.

ಸಾಲಿಗೆ ಮುಳ್ಳಿನ ಬೇಲಿ ಹಾಕಿದವರು ಗಂಡ ಶಿದ್ರಾಮಪ್ಪ. "ಊರ ಆಡು ಕಾಯೂದು ಹಗರ ಐತ್ರೀ," ಎನ್ನುತ್ತಾರೆ ಅವರು ಹೆಂಡತಿಯ ಕಡೆ ಹುಬ್ಬು ಹಾರಿಸಿ. "ಮನ್ಯಾಗಿನ ಆಡು ಕಾಯೂದ ತ್ರಾಸ."

ಕಳೆದ ವಾರ ಫೋನ್ ಬಂತು. ಶಿವಾಜಿ. ಈಗ ಸ್ವಂತ ಟೆಂಪೊ ಇದೆಯಂತೆ. "ಆಯಿ, ಎಣ್ಣಿ ಏರೈತಿ, ಅಲ್ಲೆ ಮತ್ತ ಬೋರ್ ಹೊಡ್ಯಾಕತ್ತಾರಂತ. ನಿಮ್ಮ ಕಡೆ ಚವಳಿ ಬೀಜ ಐತೇನು?"

"ಐತಿ."

"ಹಾಂ! ಎಷ್ಟ ಐತಿ?"

"ಉಡಿಗಾಗೂವಷ್ಟ ಐತಿ ಶಿವಾಜಿ. ಟೆಂಪೊಕ್ಕ ಆಗೂವಷ್ಟಿಲ್ಲ. ನಿನ್ನ ಮಗಳ ಮದವಿ ಮಾಡಿದ್ರ ಹೇಳಿ ಕಳಸು, ಬಂದು ಕಟ್ಟಿ ಹೋಗತೇನಿ."

ಇವತ್ತು ಪೇಟೆಗೆ ಹೊರಡುವ ಮೊದಲು ಹಣಮವ್ವ ಹಿತ್ತಲಿಗೆ ಬಂದು ಬೇಲಿಯಾಚೆ ನಿಂತಿದ್ದಾರೆ. ಶಂಕ್ರೆವ್ವ ಒಂದು ಕಾಯಿಯನ್ನು ಕೀಳದೆ ಬೆರಳಲ್ಲಿ ಹಿಡಿದು ನೋಡುತ್ತಾರೆ. ಬಿಟ್ಟು, ಬೆರಳನ್ನು ಮೂಸುತ್ತಾರೆ.

"ಒಂದ ಕಡದ ನೋಡಬೇ," ಎನ್ನುತ್ತಾರೆ ಹಣಮವ್ವ. "ನನ್ನ ಹೊಲದಾಗ ಹಲ್ಲ ಹಚ್ಚದ ಸಾಲ ಇಲ್ಲ. ಇಲ್ಲಿ ಯಾಕ ನಾಚತಿ? ಅದ ಐತೋ ಅಲ್ಲೋ ಗೊತ್ತಾಗಲಿ."

"ಒಂದ ಕಾಯಾಗ ಆರೇಳು ಗಿಡಾ ಅದಾವವಾ. ಹೆಂಗ ಕಡೀಲಿ?"

ಎಲ್ಲ ಕಾಯಿಯೂ ಗಿಡದ ಮೇಲೇ ಒಣಗಬೇಕು. ಒಣಗಿದ ಬೀಜ ಬರುವ ಮುಂಗಾರಿಗೆ ಎರಡು ಪಾಲು: ಒಂದು ಇಲ್ಲಿಗೆ, ಇನ್ನೊಂದು ಹಣಮವ್ವನ ಹೊಲದ ಕೊನೆಯ ಸಾಲಿಗೆ. ಈ ಸಲ ಇಬ್ಬರ ಮನೆಯಲ್ಲೂ ಇರಬೇಕು ಎಂಬುದು ಶಂಕ್ರೆವ್ವನ ಹಟ. ರುಚಿ ಅದಾದ ಮೇಲಿನ ಮಾತು.

"ಮತ್ತ ಇದು ಅದಲ್ಲ ಅಂದ್ರ?" ಹಣಮವ್ವ ಬಿಡುವುದಿಲ್ಲ.

"ಅಲ್ಲಂದ್ರ ಏನಾತು? ಹಲ್ಲ ಇನ್ನೂ ಗಟ್ಟಿ ಅದಾವ, ನಿನ್ನ ಹೊಲಾ ಎಲ್ಲೂ ಓಡಿ ಹೋಗಂಗಿಲ್ಲ." ಮುಳ್ಳು ಸರಿಸಿ ಹೊರಬಂದು ಬೇಲಿ ಮುಚ್ಚುತ್ತಾರೆ. ಆಮೇಲೆ ದನಿ ಇಳಿಸುತ್ತಾರೆ. "ಬರೂ ವರ್ಷ ಒಂದ ಬಟ್ಟಲಾ ಪಲ್ಲೆ. ಅಷ್ಟ ಸಾಕು. ಬೆಲ್ಲಾ ಹಾಕಂಗಿಲ್ಲ."

ಬಸ್ಸಿನ ಹಾರ್ನ್ ಕೇಳುತ್ತದೆ. ಬುಟ್ಟಿಯನ್ನು ತಲೆಗೇರಿಸಿಕೊಂಡು ಶಂಕ್ರೆವ್ವ ಹೊರಡುತ್ತಾರೆ. ನಾಲ್ಕು ಹೆಜ್ಜೆ ಹೋಗಿ ಕೈಯೆತ್ತಿ, ಬುಟ್ಟಿಯಿಂದ ಹಣಮವ್ವನ ಹೊಲದ ಎಳೆಕಾಯೊಂದನ್ನು ತೆಗೆದು ಬಾಯಿಗಿಟ್ಟುಕೊಳ್ಳುತ್ತಾರೆ.

"ಇದಲ್ಲ," ಎನ್ನುತ್ತಾರೆ. ಈ ಸಲ ಉಗಿಯುವುದಿಲ್ಲ. ಅಗಿಯುತ್ತಲೇ ಬಸ್ ಹತ್ತುತ್ತಾರೆ.