ಮಧ್ಯಾಹ್ನಕ್ಕೆ ಉದುರದ ಹೂವು

“ನಮ್ಮ ಗಿಡದ ಹೂವ ಪ್ಯಾಟೆ ಹೂವಿನಂಗಲ್ಲ ಕಣಮ್ಮ. ಇದು ಪನ್ನೀರು ಗುಲಾಬಿ. ಬಣ್ಣ ನೋಡಿದ್ರೆ ಅಂಥಾದ್ದೇನಿಲ್ಲ, ಎಳೇ ಮಗೀನ ಅಂಗಾಲಿನಂಗೆ ತೆಳ್ಳಗೆ ಕೆಂಪು. ಆದ್ರೆ ಒಂದು ಹೂವ ಬಿಟ್ರೆ ಸಾಕು, ತಲೆಬಾಗ್ಲಿಂದ ಹಿತ್ಲು ತನಕ ತಿಳಿಯುತ್ತೆ. ವರ್ಷಕ್ಕೊಂದು ಸಲ ಬಿಟ್ಟು ಸುಮ್ಮನಾಗೋ ಜಾತಿ ಅಲ್ಲ ಇದು. ಹೂವ ಮುಗಿದ ರೆಂಬೆ ಕತ್ತರಿಸಿದ್ರೆ ಒಂದೂವರೆ ತಿಂಗ್ಳಿಗೆ ಮತ್ತೆ ಮೊಗ್ಗು. ಬ್ಯಾಸಿಗೆ ಅನ್ನಲ್ಲ, ಮಳೆ ಅನ್ನಲ್ಲ. ನಮ್ಮತ್ತೆ ಹಿರೇಗುಂಟನೂರಿಂದ ಮದುವೆಯಾಗಿ ಬರೋವಾಗ ಮಡಿಲಕ್ಕಿ ಜೊತೆ ಒಂದು ಗೇಣು ಕಡ್ಡಿ ಇಟ್ಕಂಡು ಬಂದಿದ್ದು. ಇದನ್ನ ಬಿಸಿಲು ಬೀಳೋದ್ರೊಳಗೆ ಕೀಳಬೇಕು. ಕಿತ್ತ ದಿನವೇ ಮುಡೀಬೇಕು, ಇಲ್ಲ ದೇವ್ರಿಗೆ ಏರಿಸಬೇಕು. ಮಧ್ಯಾಹ್ನ ದಾಟಿದ್ರೆ ಮುಗೀತು, ಮುಟ್ಟಿದ್ರೆ ಎಸಳೆಲ್ಲ ಕೈಗೇ ಬರ್ತವೆ. ಅದಕ್ಕೇ ಹೂವು ಮಾರೋರು ಇದನ್ನ ಕೇಳಲ್ಲ. ನಿಂಗೆ ಹೂವ ಎಷ್ಟು ಬೇಕು ಅಷ್ಟು ಕಿತ್ಕ. ಕಡ್ಡಿ ಮಾತ್ರ ಕೇಳಬ್ಯಾಡ. ಕಡ್ಡಿ ಈ ಮನೆ ಹೆಣ್ಣುಮಕ್ಳ ಮಡಿಲಿಗೆ ಬಿಟ್ರೆ ಇನ್ನೊಬ್ರಿಗೆ ಹೋಗಂಗಿಲ್ಲ ಅಂತ ನಮ್ಮತ್ತೆ ನನ್ನ ಕೈ ಹಿಡ್ಕಂಡು ಹೇಳಿ ಕಣ್ಣು ಮುಚ್ಚಿದ್ರು. ನಂಗೆ ಹೆಣ್ಣು ಹುಟ್ಲಿಲ್ಲ. ಸೊಸೆಗೆ ಹುಟ್ಟಿದ್ರೆ ಅದಕ್ಕೆ ಕೊಡ್ತೀನಿ, ಅಲ್ಲಿ ತನಕ ಕಾಯ್ಕಂಡಿರ್ತೀನಿ.”

ಜವನಗೊಂಡನಹಳ್ಳಿಯ ಬೋರಕ್ಕನ ಮನೆ ಮುಂದೆ ಯಾರು ನಿಂತರೂ ಈ ಮಾತು ಕೇಳಿಸಿಕೊಂಡೇ ಮುಂದೆ ಹೋಗಬೇಕಿತ್ತು. ಕೇಳಿ ಕೇಳಿ ಊರಿಗೆ ಸಾಕಾಗಿತ್ತು, ಹೇಳುವವಳಿಗೆ ಮಾತ್ರ ಸಾಕಾಗಿರಲಿಲ್ಲ. ಅರವತ್ತು ದಾಟಿದ ಹೆಂಗಸು. ಗಂಡ ಇದ್ದಾಗ ಇನ್ನೂರು ಕುರಿಯ ಹಿಂದೆ ಮಾರಿಕಣಿವೆ ಕಡೆಯ ಗುಡ್ಡವೆಲ್ಲ ನಡೆದವಳು. ಈಗ ಮಗ ದುರುಗೇಶ್ ಲಗೇಜ್ ಆಟೋ ಓಡಿಸಿಕೊಂಡು ಮೂವತ್ತು ಕುರಿ ಉಳಿಸಿಕೊಂಡಿದ್ದಾನೆ. ಸೊಸೆ ಉಷಾ ಹೊಸದುರ್ಗದ ಕಡೆಯವಳು, ಮಾತು ಕಡಿಮೆ, ಕೆಲಸ ಜಾಸ್ತಿ.

ಗಿಡದಷ್ಟೇ ಬೋರಕ್ಕನ ಮೂಗಿಗೂ ಊರಲ್ಲಿ ಹೆಸರಿತ್ತು. ಬೆಣ್ಣೆ ಕೊಳ್ಳುವವರು ಎಲೆಯ ಮೇಲೆ ಒಂದು ಚೂರು ತಂದು ಅವಳ ಮುಂದೆ ಹಿಡಿಯುತ್ತಿದ್ದರು. ಹಳೆಯದನ್ನು ಹೊಸದಕ್ಕೆ ಬೆರೆಸಿದ್ದರೆ ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮುಖ ಆ ಕಡೆ ತಿರುಗಿಸುತ್ತಿದ್ದಳು. ಅಷ್ಟೇ ಸಾಕಿತ್ತು. “ಇವಳು ಬಾಗ್ಲಲ್ಲಿ ನಿಂತೇ ನಿಮ್ಮ ಸಾರಿಗೆ ಉಪ್ಪು ಕಮ್ಮಿ ಅಂತಾಳೆ ಕಣ್ರೇ” ಎಂದು ನಗಿಸುತ್ತಿದ್ದವಳು ಹಿಂದಿನ ಓಣಿಯ ಏಕಾಂತಮ್ಮ. ಅವಳು ಲಿಂಗವಂತರ ಮನೆಯವಳು, ದಿನಾ ಬೆಳಿಗ್ಗೆ ಲಿಂಗಪೂಜೆಗೆ ಒಂದು ಹೂವಿಗೆಂದು ಬಂದವಳು ಒಂದು ಗಂಟೆ ಕುಂತು ಎದ್ದು ಹೋಗುವವಳು. ಮೂವತ್ತು ವರ್ಷದಿಂದ ಹಾಗೆಯೇ. ನಡುನಡುವೆ ಕಡ್ಡಿ ಕೇಳುತ್ತಿದ್ದಳು, ಬೋರಕ್ಕ ಇಲ್ಲ ಅನ್ನುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ಆ ನಗುವಿನಲ್ಲಿ ಏಕಾಂತಮ್ಮನದು ಸ್ವಲ್ಪ ಬೇಗ ಮುಗಿಯುತ್ತಿತ್ತು ಅನ್ನುವುದನ್ನು ಬೋರಕ್ಕ ಗಮನಿಸಿರಲಿಲ್ಲ.

ಕೊರೋನಾ ಎರಡನೇ ಸಲ ಬಂದ ವರ್ಷ ಬೋರಕ್ಕ ಹನ್ನೆರಡು ದಿನ ಮಲಗಿ ಎದ್ದಳು. ಜ್ವರ ಹೋಯಿತು, ಕೆಮ್ಮು ಹೋಯಿತು, ಅವುಗಳ ಜೊತೆ ವಾಸನೆಯೂ ಹೋಯಿತು. ತಿಂಗಳಾದರೆ ಬರುತ್ತದೆ ಎಂದು ಕಾದಳು, ವರ್ಷ ಕಾದಳು. ಬೆಣ್ಣೆಯೂ ಅಷ್ಟೇ, ಬೂದಿಯೂ ಅಷ್ಟೇ. ಇದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಸೊಸೆ ಒಲೆ ಮುಂದಿನಿಂದ ಎಬ್ಬಿಸುತ್ತಾಳೆ, ಬೆಣ್ಣೆ ಹಿಡಿದು ಬರುವವರು ಬೇರೆ ಮನೆಗೆ ಹೋಗುತ್ತಾರೆ, ಆಮೇಲೆ ಮೂಲೆಯಲ್ಲಿ ಕುಂತು ಕಾಳು ಆರಿಸುವ ಮುದುಕಿಯಾಗುತ್ತೇನೆ ಅನ್ನುವ ಭಯ. ಹೇಳಿದ್ದು ಒಬ್ಬಳಿಗೆ ಮಾತ್ರ, ಏಕಾಂತಮ್ಮನಿಗೆ. ಹೇಳಿ ಅತ್ತಳು ಕೂಡ.

ಏಕಾಂತಮ್ಮ ಅದನ್ನು ಯಾರ ಕಿವಿಗೂ ಹಾಕಲಿಲ್ಲ. ಹಾಕದೆ ಇದ್ದದ್ದಷ್ಟೇ ಅಲ್ಲ, ಅವತ್ತಿನಿಂದ ಬೋರಕ್ಕನ ಮೂಗೂ ಆದಳು. ತುಪ್ಪ ಕಾಸುವ ದಿನ ತಪ್ಪದೆ ಬಂದು ಒಲೆಯ ಪಕ್ಕ ಕುಂತು, ಹದ ಬಂದ ಕೂಡಲೇ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ಬೋರಕ್ಕ ಪಾತ್ರೆ ಇಳಿಸುತ್ತಿದ್ದಳು. ಬೆಣ್ಣೆ ತಂದವರಿದ್ದರೆ ಏಕಾಂತಮ್ಮ ಕೆಮ್ಮುತ್ತಿದ್ದಳು, ಬೋರಕ್ಕ ಮುಖ ತಿರುಗಿಸುತ್ತಿದ್ದಳು. ಊರಿಗೆ ಏನೂ ತಿಳಿಯಲಿಲ್ಲ. ಇಂಥ ಗೆಳತಿ ಯಾರಿಗೆ ಸಿಗುತ್ತಾಳೆ ಎಂದು ಬೋರಕ್ಕ ಎಷ್ಟೋ ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದಳು.

ಎರಡು ವರ್ಷದ ಹಿಂದೆ ದುರುಗೇಶ್ ಮನೆ ಮುಂದಿನ ಚಪ್ಪರ ಕಿತ್ತು ಒಂದು ಕೋಣೆ ಎತ್ತಿಸಲು ಹೊರಟ. ಪಾಯ ಬರುವುದು ಸರಿಯಾಗಿ ಗುಲಾಬಿ ಇದ್ದ ಜಾಗಕ್ಕೆ. ಬೋರಕ್ಕ ಎರಡು ದಿನ ಊಟ ಬಿಟ್ಟಳು. ಆಮೇಲೆ ಆಷಾಢದ ಮಳೆ ಹಿಡಿದಾಗ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಬುಡವನ್ನು ಮಣ್ಣಿನ ಸಮೇತ ಎತ್ತಿ, ಹಳೇ ಕಂಬಳಿಯ ತುಂಡಲ್ಲಿ ಸುತ್ತಿ, ಏಕಾಂತಮ್ಮನ ಹಿತ್ತಲಲ್ಲಿ ನೆಟ್ಟು ಬಂದಳು. ಕತ್ತರಿಸಿದ ರೆಂಬೆಗಳನ್ನು ತಾನೇ ಆರಿಸಿ ತಂದು ಒಲೆಗೆ ಹಾಕಿದಳು, ಯಾರೂ ಕಡ್ಡಿ ಮಾಡಿಕೊಳ್ಳದಿರಲಿ ಎಂದು. ಗೊಬ್ಬರಕ್ಕೆ ಒಂದು ಪುಟ್ಟಿ ಕುರಿಹಿಕ್ಕೆ ಕೊಟ್ಟು, ಇದು ಹೋದ ವರ್ಷದ್ದು, ಇದನ್ನೇ ಹಾಕು, ಹಸೀದು ಹಾಕಿದರೆ ಬೇರು ಬೇಯುತ್ತದೆ ಎಂದು ಎರಡೆರಡು ಸಲ ಹೇಳಿದಳು. ನೋಡಲು ಹೋದಾಗೆಲ್ಲ ಏಕಾಂತಮ್ಮ ಬಾಗಿಲಲ್ಲೇ ತಡೆಯುತ್ತಿದ್ದಳು. ಹಿತ್ತಲು ಕೆಸರು, ಜಾರಿ ಬಿದ್ದೀಯ, ಗಿಡ ಚೆನ್ನಾಗಿ ಐತೆ ಅನ್ನುತ್ತಿದ್ದಳು. ಬೋರಕ್ಕನ ಮಂಡಿಯೂ ಹಿಡಿದುಕೊಂಡಿತ್ತು. ನಂಬಿದಳು.

ಸಂಕ್ರಾಂತಿ ಕಳೆದ ಮೇಲೆ ಗಿಡ ಹಿಂದಕ್ಕೆ ಬಂತು. ಹೊಸ ಕೋಣೆಯ ಪಕ್ಕ ದುರುಗೇಶ್ ಗುಂಡಿ ತೋಡಿಕೊಟ್ಟ. ಮೊಣಕಾಲೆತ್ತರದ ಮೋಟು, ಅದರ ಮೇಲೆ ನಾಲ್ಕು ಚಿಗುರು. ಯುಗಾದಿಗೆ ಮೊದಲ ಹೂವು ಬಿಟ್ಟಿತು. ಅದೇ ತೆಳು ಕೆಂಪು. ಏಕಾಂತಮ್ಮ ಬಂದು ಹೂವಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, “ಅಬ್ಬ, ಮೊದ್ಲಿಗಿಂತ ಒಂದು ಕೈ ಜಾಸ್ತೀನೇ ಐತೆ ಕಣೇ” ಅಂದಳು. ಬೋರಕ್ಕನಿಗೆ ಕಣ್ಣು ತುಂಬಿತು. ತಾನೂ ಬಗ್ಗಿ, ಸೊಸೆಗೆ ಕೇಳುವ ಹಾಗೆ, ಎಂಥಾ ವಾಸನೆ ಅಂದಳು. ಬಾಗಿಲಲ್ಲಿದ್ದ ಉಷಾ ಏನೋ ಹೇಳಲು ಬಾಯಿ ತೆರೆದು ಹಾಗೆಯೇ ಒಳಗೆ ಹೋದಳು.

ಹೀಗೆ ಒಂದು ವರ್ಷ ನಡೆಯಿತು. ದಿನಾ ಬೆಳಿಗ್ಗೆ ಏಕಾಂತಮ್ಮ ಬರುವುದು, ಮೂಸುವುದು, ಹೊಗಳುವುದು. ಬೋರಕ್ಕನೂ ಮೂಸಿ ಹೊಗಳುವುದು.

ಈ ಶ್ರಾವಣದಲ್ಲಿ ಒಂದು ಸೋಮವಾರ ಬೋರಕ್ಕ ದೇವರ ಪಟದ ಮುಂದೆ ಐದು ಹೂವಿಟ್ಟಿದ್ದಳು. ಮಾರನೆ ದಿನ ತೆಗೆಯಲು ಕೈ ಹಾಕಿದರೆ ಎಸಳು ಉದುರಲಿಲ್ಲ. ಇಡಿಯಾಗಿ ಎದ್ದು ಬಂತು. ಮಧ್ಯಾಹ್ನಕ್ಕೇ ಚೆಲ್ಲಾಪಿಲ್ಲಿ ಆಗಬೇಕಾದ ಹೂವು. ಅವಳು ನೆನಪು ಮಾಡಿಕೊಂಡಳು. ಗಿಡ ಹಿಂದಕ್ಕೆ ಬಂದ ಮೇಲೆ ಏಕಾಂತಮ್ಮ ಮಧ್ಯಾಹ್ನದೊಳಗೆ ಇನ್ನೊಮ್ಮೆ ಬಂದು ಪಟದ ಹೂವನ್ನೆಲ್ಲ ತಾನೇ ಬಾಚಿ ಕೊಂಡೊಯ್ಯುತ್ತಿದ್ದಳು, ಪೂಜೆ ಹೂವು ತುಳಿದಾಡಬಾರದು ಎಂದು. ಈ ಸೋಮವಾರ ಅವಳು ಮಠಕ್ಕೆ ಹೋಗಿದ್ದಳು. ಬೋರಕ್ಕ ಒಂದು ಹೂವನ್ನು ಕಿಟಕಿಯಲ್ಲಿಟ್ಟು ನೋಡಿದಳು. ಮೂರು ದಿನವಾದರೂ ಅದು ಹಾಗೆಯೇ ಕುಂತಿತ್ತು, ಬೀಗರ ಮನೆಗೆ ಬಂದವರ ಹಾಗೆ, ಮೈ ಸಡಿಲಿಸದೆ.

ನಾಲ್ಕನೇ ದಿನ ಕುಡುಗೋಲು ಹಿಡಿದು ಗಿಡದ ಬುಡ ಕೆದಕಿದಳು. ನಾಲ್ಕು ಬೆರಳು ಆಳದಲ್ಲಿ ಒಂದು ಗಂಟು ಸಿಕ್ಕಿತು. ಗಂಟಿನ ಮೇಲೆ ಬೆರಳಗಲದ ಪ್ಲಾಸ್ಟಿಕ್ ಪಟ್ಟಿ ಸುತ್ತಿತ್ತು, ನರ್ಸರಿಯವರು ಕಸಿ ಕಟ್ಟುವಾಗ ಸುತ್ತುವುದು. ಎಳೆದರೆ ಬಿಚ್ಚಿ ಬೆರಳಿಗೆ ಬಂತು. ಅತ್ತೆ ತಂದ ಕಡ್ಡಿಗೆ ಅತ್ತೆಯ ಮಡಿಲು ಬಿಟ್ಟರೆ ಬೇರೆ ಯಾವ ಸುತ್ತೂ ಇರಲಿಲ್ಲ.

ಉಷಾಳನ್ನು ಕರೆದು, ಈ ಹೂವಿಗೆ ವಾಸನೆ ಐತೇನಮ್ಮ ಎಂದು ಕೇಳಿದಳು. ಉಷಾ ತಲೆ ತಗ್ಗಿಸಿದಳು.

“ಬಂದ ದಿನದಿಂದ ಇಲ್ಲ ಅತ್ತೆ. ನೀವು ದಿನಾ ಮೂಸಿ ಹೊಗಳ್ತಿದ್ರಿ. ನಿಮ್ಮ ಮೂಗಿಗೆ ತಪ್ಪುತ್ತಾ, ನಂದೇ ಮೂಗು ಕೆಟ್ಟಿರಬೇಕು ಅಂದ್ಕಂಡು ಸುಮ್ಕಿದ್ದೆ.”

ಬೋರಕ್ಕ ಕೈಯ ಮಣ್ಣು ಒರೆಸಿಕೊಳ್ಳದೆ ಹಿಂದಿನ ಓಣಿಗೆ ನಡೆದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಇಪ್ಪತ್ತು ಸಲ ಕಡ್ಡಿ ಕೇಳಿದವಳು, ಕೊಡಲಿಲ್ಲ ಎಂದು ಗಿಡವನ್ನೇ ಇಟ್ಟುಕೊಂಡಿದ್ದಾಳೆ. ಇಟ್ಟುಕೊಂಡಿದ್ದರೆ ಗಿಡ ಜೀವಂತವಾಗಿದೆ. ಜಗಳ ಮಾಡಿಯಾದರೂ ತಂದುಬಿಡುತ್ತೇನೆ. ಹಾಗೆ ಅಂದುಕೊಂಡಾಗ ಕಾಲಿಗೆ ಸ್ವಲ್ಪ ಶಕ್ತಿಯೂ ಬಂತು.

ಏಕಾಂತಮ್ಮನ ಗಂಡ ಮುರುಗೇಶಪ್ಪ ಜಗಲಿಯ ಮೇಲೆ ಹರಿದ ಚೀಲಕ್ಕೆ ದಬ್ಬಣ ಹಾಕುತ್ತಿದ್ದ. ಅವಳು ಪೂಜೆಗೆ ಕುಂತವ್ಳೆ, ಬಾ ಎಂದ. ಬೋರಕ್ಕ ಅವನ ಮುಂದೆಯೇ ಹಾದು ಹಿತ್ತಲಿಗೆ ಹೋದಳು. ಕರಿಬೇವು, ನುಗ್ಗೆ, ಒಂದು ಸಾಲು ಕನಕಾಂಬರ. ಗುಲಾಬಿ ನೆಟ್ಟಿದ್ದ ಜಾಗದಲ್ಲಿ ಬದನೆ ಗಿಡ ಕಾಯಿ ಬಿಟ್ಟಿತ್ತು.

“ಏನು ಹುಡುಕ್ತೀಯವ್ವ?” ಮುರುಗೇಶಪ್ಪ ಹಿಂದೆಯೇ ಬಂದಿದ್ದ.

“ನನ್ನ ಗಿಡ.”

“ನಿನ್ನ ಗಿಡ ನಿನ್ನ ಮನೆ ಮುಂದೇನೇ ಐತಲ್ಲ. ನಾನೇ ತಂದಿದ್ದು. ಫೋನಲ್ಲಿ ಹಳೇ ಫೋಟೊ ಇಟ್ಕಂಡು ಹಿರಿಯೂರೆಲ್ಲ ತಿರುಗಿದೆ, ಆ ಬಣ್ಣ ಸಿಗ್ಲಿಲ್ಲ. ಹೊಳಲ್ಕೆರೆಗೆ ಹೋಗಿದ್ದೆ ಗಾಡೀಲಿ. ಹಳೇದು ಒಣಗಿದ್ಮೇಲೆ ನೀನೇ ಹೇಳಿದ್ಯಂತೆ, ಅದೇ ಬಣ್ಣದ್ದು ತಂದ್ಕೊಡಿ, ಮಗನಿಗೆ ಗೊತ್ತಾಗಬಾರ್ದು ಅಂತ. ಯಾಕೆ, ಸರಿಯಾಗಿ ಬಿಡ್ತಿಲ್ವಾ?”

ಅವನ ಮುಖದಲ್ಲಿ ಸುಳ್ಳಿರಲಿಲ್ಲ. ಉಪಕಾರ ಮಾಡಿದವನ ಬಿಂಕವಿತ್ತು.

ಅಷ್ಟರಲ್ಲಿ ಏಕಾಂತಮ್ಮ ಹಣೆಯ ವಿಭೂತಿ ಇನ್ನೂ ಒಣಗದೆ ಹಿತ್ತಲ ಬಾಗಿಲಿಗೆ ಬಂದಳು. ಬೋರಕ್ಕನ ಕೈಯ ಮಣ್ಣು ನೋಡಿದಳು. ಬೆರಳಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಪಟ್ಟಿ ನೋಡಿದಳು. ಗಂಡನಿಗೆ, ನೀವು ಒಳಗೆ ಹೋಗ್ರಿ ಅಂದಳು. ಅವನು ಹೋಗಲಿಲ್ಲ.

“ಹಸಿ ಗೊಬ್ಬರ ಹಾಕ್ದೆ ಕಣೇ” ಅಂದಳು. “ನೀನು ಹಳೇದು ಹಾಕು ಅಂದಿದ್ದೆ. ಬೇಗ ಚಿಗುರಲಿ, ನೀನು ಬಂದು ನೋಡಿ ಖುಷಿಪಡಲಿ ಅಂತ ನಾನೇ ಹಸೀದು ತಂದು ಹಾಕ್ದೆ. ಎಂಟು ದಿನಕ್ಕೆ ಬುಡ ಕಪ್ಪಗಾಯ್ತು.”

“ಬಂದು ಹೇಳಬೋದಿತ್ತು.”

“ಹೆಂಗೆ ಹೇಳ್ಲಿ? ಕಡ್ಡೀನೂ ಕೊಡದೋಳು ಇಡೀ ಗಿಡಾನೇ ನನ್ನ ಕೈಗೆ ಕೊಟ್ಟಿದ್ದೆ.”

“ಮೋಟು ಎಲ್ಲೈತೆ?”

“ಒಲೆಗೆ ಹಾಕ್ದೆ.”

ಬೋರಕ್ಕ ಬದನೆ ಗಿಡದ ಕಡೆ ನೋಡುತ್ತಾ ನಿಂತಳು. ಗಿಡ ಸತ್ತಿದ್ದು ಅವಳಿಗೆ ಅರ್ಥವಾಗುತ್ತಿತ್ತು. ಕುರಿ ಸಾಯುತ್ತವೆ, ಗಿಡ ಸಾಯುತ್ತವೆ, ಸಾಯಿಸಬೇಕು ಎಂದು ಯಾರೂ ಹಸಿ ಗೊಬ್ಬರ ಹಾಕುವುದಿಲ್ಲ. ಅರ್ಥವಾಗದ್ದು ಬೇರೆ.

“ವರ್ಷದ ಮೇಲಾಯ್ತು. ದಿನಾ ಬೆಳಿಗ್ಗೆ ಬಂದು, ನನ್ನ ಮುಂದೆ ನಿಂತು, ಕಣ್ಣು ಮುಚ್ಕಂಡು ಮೂಸ್ತಿದ್ಯಲ್ಲ ಏಕಾಂತಮ್ಮ.”

ಏಕಾಂತಮ್ಮ ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

“ನಿಂಗೆ ಹೆಂಗೂ ತಿಳಿಯಲ್ಲ ಅಂದ್ಕಂಡೆ.”

“ಏನು ತಿಳಿಯಲ್ಲ?” ಎಂದು ಮುರುಗೇಶಪ್ಪ ಕೇಳಿದ. ಅಂದರೆ ಅವಳು ಗಂಡನಿಗೂ ಹೇಳಿರಲಿಲ್ಲ. ಗುಟ್ಟನ್ನು ಅಷ್ಟು ಭದ್ರವಾಗಿ ಕಾಪಾಡಿ, ಕಾಪಾಡಿದ ಗುಟ್ಟಿನೊಳಗೇ ಕೈ ಹಾಕಿದ್ದಳು. ಏಕಾಂತಮ್ಮ ಅಳುತ್ತಾ ಹತ್ತಿರ ಬಂದು ತೋಳು ಹಿಡಿಯಲು ನೋಡಿದಳು. ಬೋರಕ್ಕ ತೋಳು ಕಿತ್ತುಕೊಳ್ಳಲಿಲ್ಲ, ಕೊಡಲೂ ಇಲ್ಲ. ಬೆರಳಲ್ಲಿದ್ದ ಪಟ್ಟಿಯನ್ನು ಬಿಡಿಸಿ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟಳು.

“ನಾಳೆಯಿಂದ ಹೂವಿಗೆ ಬರಬ್ಯಾಡ” ಅಂದಳು. ದನಿ ಏರಿಸಲಿಲ್ಲ. ಬಂದ ದಾರಿಯಲ್ಲೇ ಹೊರಟಳು. ನಡುವೆ ಎರಡು ಕಡೆ ಕುಂತು ಎದ್ದಳು. ಎದುರಿಗೆ ಸಿಕ್ಕವರು ಏನಕ್ಕ ಮಂಡಿ ನೋವಾ ಎಂದು ಕೇಳಿದರು. ಹೂಂ ಅಂದಳು.

ಮನೆಗೆ ಬಂದಾಗ ಉಷಾ ಒಲೆ ಮುಂದಿದ್ದಳು. ದುರುಗೇಶ್ ಊಟಕ್ಕೆ ಬಂದಿದ್ದ. ಅವನು ತಾಯಿಯ ಮುಖ ನೋಡಿ, ವಿಷಯ ಹೆಂಡತಿಯಿಂದ ಕೇಳಿದ್ದನೇನೋ, ಆ ಗಿಡ ಕಿತ್ತು ಬಿಸಾಕಲಾ ಅವ್ವ ಎಂದ. ಬೋರಕ್ಕ ಬೇಡ ಅಂದಳು. ಅದೇನು ಮಾಡಿತು, ಯಾರೋ ತಂದು ನೆಟ್ಟರು, ಬಂದು ನಿಂತಿದೆ. ಆಮೇಲೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಂತು, ಗೋಡೆ ಕಡೆ ನೋಡುತ್ತಾ ಹೇಳಿದಳು.

“ಉಷಾ, ನಂಗೆ ವಾಸನೆ ಬರಲ್ಲ. ಕಾಯಿಲೆಯಿಂದ ಎದ್ದಾಗಿಂದ ಬಂದೇ ಇಲ್ಲ.”

ದುರುಗೇಶ್ ತುತ್ತು ಹಿಡಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟ. ಉಷಾ ಬಗ್ಗಿ ಗ್ಯಾಸಿನ ರೆಗ್ಯುಲೇಟರನ್ನು ಒಮ್ಮೆ ಮುಟ್ಟಿ ನೋಡಿದಳು, ಮತ್ತೊಮ್ಮೆ ತಿರುಗಿಸಿ ನೋಡಿದಳು. ಇಷ್ಟು ವರ್ಷ ಈ ಮನೆಯಲ್ಲಿ ಏನೇನು ಆಗಬಹುದಿತ್ತು ಎಂದು ಲೆಕ್ಕ ಹಾಕುತ್ತಿದ್ದವಳ ಹಾಗೆ ಸ್ವಲ್ಪ ಹೊತ್ತು ಅಲ್ಲೇ ಬಗ್ಗಿಕೊಂಡಿದ್ದಳು.

“ಇನ್ಮೇಲೆ ಒಲೆ ಕಡೆ ನಾನು ನೋಡ್ಕಂತೀನಿ ಬಿಡ್ರಿ ಅತ್ತೆ” ಅಂದಳು. ಮೃದುವಾಗಿಯೇ ಅಂದಳು.

ಇಷ್ಟು ವರ್ಷ ಯಾವ ಮಾತಿಗೆ ಹೆದರಿದ್ದಳೋ ಅದೇ ಮಾತು. ಬೋರಕ್ಕ ತಲೆಯಾಡಿಸಿದಳು. ಸೆರಗಿನಲ್ಲಿ ಮುಖ ಒರೆಸಿಕೊಳ್ಳಲು ಹೋಗಿ ಕೈಯ ಮಣ್ಣು ನೆನಪಾಗಿ ಎದ್ದಳು.

ಬೀದಿಯ ನಲ್ಲಿ ಗೊರಗೊರ ಅಂದಿತು. ಮೂರು ದಿನಕ್ಕೊಮ್ಮೆ ಬಿಡುವ ನೀರು. ಓಣಿಯ ಹೆಂಗಸರು ಕೊಡ ಹಿಡಿದು ಆಗಲೇ ಸಾಲಾಗಿದ್ದರು. ಬೋರಕ್ಕ ಎರಡು ಪ್ಲಾಸ್ಟಿಕ್ ಕೊಡ, ಒಂದು ತಾಮ್ರದ ಬಿಂದಿಗೆ ತಂದು ಸಾಲಿನ ಕೊನೆಗಿಟ್ಟಳು. ಮೊದಲು ಬಂದ ಕೆಂಪು ನೀರಲ್ಲಿ ಎಲ್ಲರೂ ಕೊಡ ತೊಳೆದು ಚೆಲ್ಲಿದರು. ಅವಳೂ ಕೈ ತೊಳೆದುಕೊಂಡು, ಬಿಂದಿಗೆಯ ಒಳಗೆ ಕೈಯಿಟ್ಟು ಉಜ್ಜಿ, ಚೆಲ್ಲಿ, ತಿಳಿನೀರಿಗೆ ಕಾದಳು. ಸರದಿ ಬಂದಾಗ ಬಿಂದಿಗೆಯನ್ನು ನಲ್ಲಿಯ ಕೆಳಗೆ ಓರೆಯಾಗಿ ಇಟ್ಟು, ಕಂಠದ ತನಕ ತುಂಬುವುದನ್ನೇ ನೋಡುತ್ತಾ, ಎರಡನೆಯ ಕೊಡವನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡಳು.