ಇಪ್ಪತ್ತರವರೆಗೆ ಎಣಿಸುವ ಕಾಲು

ದಿನಾ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆದ ಮೇಲೆ ದೊಡ್ಡಳಿಯ ಮೊದಲು ಮಾಡುವ ಕೆಲಸ ಒಂದೇ. ತನ್ನ ಹಳೇ ಕಾರಿನಲ್ಲಿ ಕೂತು, ಎಂಜಿನ್ ಶುರು ಮಾಡಿ, ಬ್ರೇಕ್ ಪೆಡಲಿನ ಮೇಲೆ ಹಗುರವಾಗಿ ಕಾಲಿಟ್ಟು ಇಪ್ಪತ್ತರವರೆಗೆ ಎಣಿಸುವುದು. ಅಷ್ಟಾದ ಮೇಲೆ ಎಂಜಿನ್ ಆರಿಸಿ ಇಳಿದುಬಿಡುತ್ತಾರೆ. ಜ್ವರ ಬಂದ ದಿನವೂ ಬಿಟ್ಟವರಲ್ಲ, ಮಗಳ ಮದುವೆಯ ದಿನವೂ ಬಿಟ್ಟವರಲ್ಲ. ದೇವರ ಮುಂದೆ ಒಬ್ಬರು ಕಣ್ಣು ಮುಚ್ಚಿ ನಿಲ್ಲುವಷ್ಟು ಹೊತ್ತು, ಅಷ್ಟೇ.

ಹೀಗೆ ಎಣಿಸಲು ಕಲಿಸಿದವರು ಮಾವ. ಮಗಳನ್ನು ಕೊಡುವ ಮೊದಲು ಅವರು ಇವರಿಗೆ ಕೆಲಸ ಕಲಿಸಿದ ಗುರು. ಪೆಡಲನ್ನು ತುಳಿಯಬೇಡ, ಮಗು ಮಲಗಿದ ಕೋಣೆಗೆ ಕಾಲಿಟ್ಟ ಹಾಗೆ ಇಡು, ಅದರ ಕಷ್ಟ ಅದೇ ಹೇಳಿಕೊಳ್ಳುತ್ತೆ ಅನ್ನುತ್ತಿದ್ದರು. ಆಗ ಮಾವನ ಕಾರನ್ನು ಮುಟ್ಟುವ ಹಕ್ಕು ಇವರೊಬ್ಬರಿಗೇ ಇತ್ತು. ಎಲ್ಲಿಗೆ ಹೊರಟರೂ ಸ್ಟಿಯರಿಂಗ್ ಹಿಡಿಯುವವರು ಇವರು, ಪಕ್ಕದಲ್ಲಿ ಮಾವ, ಮಿಕ್ಕವರೆಲ್ಲ ಹಿಂದೆ.

ಆ ಕಾಲದಲ್ಲಿ ಬೀದಿಯವರೆಲ್ಲ ಇವರನ್ನು ಬರೀ ಅಳಿಯ ಅನ್ನುತ್ತಿದ್ದರು. ಮಾವನ ಚಿಕ್ಕ ಮಗಳಿಗೆ ಮದುವೆಯಾದ ಮೇಲೆ ಹೆಸರಿಗೆ 'ದೊಡ್ಡ' ಸೇರಿತು. ಬಡ್ತಿ ಸಿಕ್ಕ ದಿನವೇ ಕುರ್ಚಿ ಹೋಯಿತು ಅಂತ ಅವರೇ ತಮಾಷೆ ಮಾಡುತ್ತಿದ್ದರು. ಆ ನಗು ಹಲ್ಲಿನಿಂದ ಒಳಗೆ ಇಳಿಯುತ್ತಿರಲಿಲ್ಲ.

ಚಿಕ್ಕಳಿಯನೂ ಮೆಕ್ಯಾನಿಕ್. ಆದರೆ ಓದಿ ಕಲಿತವನು. ಎರಡು ಬೀದಿ ಆಚೆ, ದೊಡ್ಡ ರಸ್ತೆಯಲ್ಲಿ ಅವನ ವರ್ಕ್‌ಶಾಪು. ಕಾರನ್ನು ಆಳೆತ್ತರಕ್ಕೆ ಎತ್ತುವ ಯಂತ್ರ, ಗಿರಾಕಿಗಳು ಕೂರಲು ಗಾಜಿನ ಕೋಣೆ. ಇಲ್ಲಿ ದೊಡ್ಡಳಿಯ ಹರಿದ ಚಾಪೆಯ ಮೇಲೆ ಬೆನ್ನು ಉಜ್ಜಿಕೊಂಡು ಕಾರಿನ ಕೆಳಗೆ ತೂರಬೇಕು. ಅದನ್ನೂ ಸಹಿಸಿಕೊಂಡಿದ್ದರು. ಆದರೆ ಮಾವ ತಮ್ಮ ಕಾರನ್ನು ಅಲ್ಲಿಗೆ ಕಳಿಸಲು ಶುರು ಮಾಡಿದರಲ್ಲ, ಅದನ್ನು ಸಹಿಸಲಾಗಲಿಲ್ಲ. ಈಗ ಭಾನುವಾರ ಹೊರಟರೆ ಮಾವನ ಪಕ್ಕದಲ್ಲಿ ಚಿಕ್ಕಳಿಯ. ದೊಡ್ಡಳಿಯ ಹಿಂದೆ, ಹೆಂಡತಿಗೂ ಹಣ್ಣಿನ ಚೀಲಕ್ಕೂ ನಡುವೆ.

ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಹೆಂಡತಿ ತಂಗಿಯ ಮನೆಯ ಸುದ್ದಿ ಹೇಳಿದಳು. ಅಪ್ಪನ ಕಾರಿನ ಬ್ರೇಕ್ ಪೆಡಲ್ ತೀರಾ ಕೆಳಗೆ ಹೋಗುತ್ತಂತೆ. ಮೂರು ಸಲ ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ತೆಗೆದರಂತೆ, ಪ್ಯಾಡು ಹೊಸದು ಹಾಕಿದರಂತೆ. ಹೊರಗೆ ಎಲ್ಲೂ ಒಂದು ತೊಟ್ಟು ಆಯಿಲ್ ಸೋರಿಲ್ಲ. ವರ್ಕ್‌ಶಾಪಿನಲ್ಲಿ ಜೋರಾಗಿ ತುಳಿದರೆ ಗಟ್ಟಿ ನಿಲ್ಲುತ್ತೆ, ಸಿಗ್ನಲಿನಲ್ಲಿ ಕಾಲಿಟ್ಟುಕೊಂಡು ಕೂತರೆ ಮೆಲ್ಲಗೆ ಇಳಿಯುತ್ತೆ.

ಆ ಕಡೆಯ ಮಾತಿಗೇ ದೊಡ್ಡಳಿಯನಿಗೆ ರೋಗ ಯಾವುದೆಂದು ತಿಳಿದುಹೋಯಿತು. ಬಾಯಿ ಬಿಡಲಿಲ್ಲ. ಗಾಜಿನ ಕೋಣೆ ಇದೆಯಲ್ಲ, ಅದನ್ನೇ ಕೇಳಲಿ ಅಂದು ಇನ್ನೊಂದು ತುತ್ತು ಹೆಚ್ಚಿಗೆ ಉಂಡರು. ದೇವರು ಒಮ್ಮೊಮ್ಮೆ ನಾಲಿಗೆ ಕಟ್ಟುತ್ತಾನೆ ಅನ್ನುತ್ತಾರೆ. ಆ ದಿನ ಕಟ್ಟಿದ್ದು ದೇವರಲ್ಲ.

ಎರಡು ದಿನ ಹೀಗೇ ಕಳೆಯಿತು. ಮೂರನೇ ಬೆಳಿಗ್ಗೆ ಹೆಂಡತಿ ಗ್ಯಾರೇಜಿಗೆ ಟೀ ತಂದಳು. ಕಾರು ಸರಿಯಾಯಿತಂತೆ, ಹತ್ತು ಗಂಟೆಗೆ ಅಪ್ಪನನ್ನು ಅದರಲ್ಲೇ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರಂತೆ ಅಂದಳು. ಆಸ್ಪತ್ರೆ ಇರುವುದು ಉದ್ದನೆಯ ಇಳಿಜಾರಿನ ಬುಡದಲ್ಲಿ. ಅಲ್ಲೇ ಸಿಗ್ನಲ್.

"ಸರಿಯಾಯ್ತು ಅಂತ ಯಾರು ಹೇಳಿದ್ದು?"

"ಇನ್ಯಾರು? ನಿಮ್ಮ ಷಡ್ಡಕ. ಅವನ ಹೆಸರು ಎತ್ತಿದ್ರೆ ಸಾಕು, ನಿಮ್ಮ ಹೊಟ್ಟೆಕಿಚ್ಚಲ್ಲಿ ಇನ್ನೊಂದು ಸಲ ಟೀ ಕಾಯಿಸ್ಬಹುದು."

ದೊಡ್ಡಳಿಯ ತನ್ನ ಕಾರಿನಲ್ಲಿ ಕೂತು ಎಣಿಸತೊಡಗಿದರು. ಹನ್ನೊಂದಕ್ಕೆ ಬಂದಾಗ ಲೆಕ್ಕ ತಪ್ಪಿತು. ಇಷ್ಟು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಪಾನಾ ಚೀಲ ಹೆಗಲಿಗೆ ಹಾಕಿಕೊಂಡು ನಡೆದರು. ಎರಡನೇ ಬೀದಿಯಲ್ಲಿ ಆ ನಡಿಗೆ ಓಟವಾಯಿತು.

ವರ್ಕ್‌ಶಾಪಿನ ಮುಂದೆ ಮಾವ ಆಗಲೇ ಕಾರಿನ ಮುಂದಿನ ಸೀಟಿನಲ್ಲಿ ಕೂತು ಆಸ್ಪತ್ರೆಯ ಚೀಟಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಎಂಜಿನ್ ಓಡುತ್ತಿತ್ತು. ಪೆಡಲ್ ಒಂದು ಸಲ ನೋಡಬೇಕು ಅಂತ ದೊಡ್ಡಳಿಯ ಅಂದಿದ್ದಕ್ಕೆ ಚಿಕ್ಕಳಿಯನ ಮುಖ ಬಿಗಿಯಿತು. ಕೂತಲ್ಲೇ ಧಪ್ಪೆಂದು ತುಳಿದು ತೋರಿಸಿದ. "ನೋಡಿ ಭಾವ, ಬಂಡೆ ಇದ್ದ ಹಾಗಿದೆ."

"ಬೂಟು ಬಿಚ್ಚು. ಹಗುರವಾಗಿ ಕಾಲಿಡು. ಎಣಿಸು."

ಎಂಟರವರೆಗೆ ಪೆಡಲ್ ನಿಂತಿತ್ತು. ಆಮೇಲೆ ನಿದ್ದೆ ಬಂದವರ ತಲೆಯ ಹಾಗೆ ಬಾಗುತ್ತಾ ಹೋಯಿತು. ಹದಿನೇಳಕ್ಕೆ ಹೆಬ್ಬೆರಳು ನೆಲದ ಹತ್ತಿರ. ಚಿಕ್ಕಳಿಯ ಎಣಿಸುವುದನ್ನು ನಿಲ್ಲಿಸಿ ಎಂಜಿನ್ ಆರಿಸಿದ.

ತೊಂದರೆ ಮಾಸ್ಟರ್ ಸಿಲಿಂಡರಿನ ಒಳಗೆ, ಅಂದರೆ ಕಾಲಿನ ಒತ್ತಡವನ್ನು ಆಯಿಲಿಗೆ ಕೊಟ್ಟು ಚಕ್ರಗಳಿಗೆ ಕಳಿಸುವ ಕೊಳವೆಯಲ್ಲಿ. ಅದರ ರಬ್ಬರ್ ಸವೆದಿತ್ತು. ಜೋರಾಗಿ ತುಳಿದರೆ ರಬ್ಬರ್ ಅರಳಿ ಗೋಡೆಗೆ ಅಂಟುತ್ತೆ, ಪೆಡಲ್ ನಿಲ್ಲುತ್ತೆ. ಹಗುರವಾಗಿ ಒತ್ತಿದರೆ ಆಯಿಲ್ ಅದರ ಪಕ್ಕದಿಂದ ನುಸುಳಿ ಒಳಗೊಳಗೇ ಹಿಂದಕ್ಕೆ ಬರುತ್ತೆ. ಹೊರಗೆ ತೊಟ್ಟೂ ಕಾಣುವುದಿಲ್ಲ. ಸಂಶಯ ಉಳಿಯಬಾರದೆಂದು ಸಿಲಿಂಡರಿನಿಂದ ಹೊರಡುವ ಪೈಪುಗಳನ್ನು ಬಿಚ್ಚಿ ಆ ತೂತುಗಳಿಗೆ ಬಿರಡೆ ಹಾಕಿದರು. ಆಗಲೂ ಪೆಡಲ್ ಇಳಿಯಿತು.

ಆಸ್ಪತ್ರೆಗೆ ಫೋನ್ ಮಾಡಿ ಮಧ್ಯಾಹ್ನ ಬರುತ್ತೇವೆ ಅಂದರು. ಹೊಸ ಸಿಲಿಂಡರ್ ತರಿಸಿ ಕೂರಿಸಿದರು. ಚಿಕ್ಕಳಿಯ ಪೆಡಲ್ ಒತ್ತುತ್ತಾ, ದೊಡ್ಡಳಿಯ ದೂರದ ಚಕ್ರದಿಂದ ಹಿಡಿದು ಒಂದೊಂದಾಗಿ ಬ್ರೇಕಿನ ಗಾಳಿ ತೆಗೆಯುತ್ತಾ ಬಂದರು. ಕಡೆಯ ಚಕ್ರದ ಹತ್ತಿರ ದೊಡ್ಡಳಿಯ ತಡೆಯಲಾರದೆ ಕೇಳಿದರು, ಎಣಿಸೋದನ್ನ ಮಾವ ನಿನಗೆ ಹೇಳಿಕೊಡಲಿಲ್ಲವೇ ಅಂತ. ತನಗೆ ಕೊಟ್ಟದ್ದನ್ನೆಲ್ಲ ಅವನಿಗೆ ಬಡ್ಡಿ ಸೇರಿಸಿ ಕೊಟ್ಟಿದ್ದಾರೆ ಅಂದುಕೊಂಡಿದ್ದವರು ಅವರು.

"ನನಗೇನು ಹೇಳ್ಕೊಡ್ತಾರೆ? ಕಾರು ಕೆಮ್ಮಿದ್ರೂ 'ದೊಡ್ಡೋನು ಕೈಯಿಟ್ಟಿದ್ರೆ ಹೀಗಾಗ್ತಿರ್ಲಿಲ್ಲ' ಅಂತಾರೆ. ಅದಕ್ಕೇ ಭಾವ, ನಾನು ನಿಮ್ಮನ್ನ ಕರೀಲಿಲ್ಲ. ಹೊಟ್ಟೆ ಉರೀತಿತ್ತು."

ದೊಡ್ಡಳಿಯ ನಟ್ಟನ್ನು ಇನ್ನೊಂದು ಸುತ್ತು ಬಿಗಿದರು. ಖುಷಿಯಾಗಬೇಕಿತ್ತು, ಆಯಿತು ಕೂಡ. ಈ ಮಾತನ್ನು ಮಾವ ತನ್ನ ಹತ್ತಿರ ಒಂದು ದಿನವೂ ಆಡಲಿಲ್ಲವಲ್ಲ, ಕೇಳುವ ಭಾಗ್ಯವೂ ಇವನದೇ ಆಯಿತಲ್ಲ ಅನ್ನುವ ಉರಿ ಅದರ ಹಿಂದೆಯೇ ಬಂತು. ಅದರ ಹಿಂದೆ ಇನ್ನೊಂದು, ತನ್ನ ಮೇಲೇ.

"ನನಗೆ ಮೊನ್ನೇನೇ ಗೊತ್ತಿತ್ತು ಕಣೋ," ಅಂದರು.

ಚಿಕ್ಕಳಿಯ ಪೆಡಲಿನಿಂದ ಕಾಲು ತೆಗೆದ.

ಎಲ್ಲ ಮುಗಿದ ಮೇಲೆ ಚಿಕ್ಕಳಿಯ ಎಂಜಿನ್ ಶುರು ಮಾಡಿ, ಬರಿಗಾಲಿನಲ್ಲಿ ಇಪ್ಪತ್ತರವರೆಗೆ ಎಣಿಸಿದ. ಪೆಡಲ್ ಕದಲಲಿಲ್ಲ. ಮತ್ತೆ ಪಕ್ಕದ ಸೀಟಿಗೆ ಹತ್ತಿ ಕೂತಿದ್ದ ಮಾವನ ತುಟಿಯೂ ಜೊತೆಯಲ್ಲೇ ಅಲುಗುತ್ತಿತ್ತು. ಆಮೇಲೆ ಚಿಕ್ಕಳಿಯ ಕೆಳಗಿಳಿದು ಬಾಗಿಲು ತೆರೆದು ಹಿಡಿದುಕೊಂಡ.

"ನೀವೇ ಓಡಿಸಿ ಭಾವ. ನಾನು ಹಿಂದೆ ಕೂರ್ತೀನಿ."

ಮಾವ ಈ ಕಡೆ ತಿರುಗಿ ನೋಡುತ್ತಿದ್ದರು. ದೊಡ್ಡಳಿಯ ಖಾಲಿ ಸೀಟನ್ನು ನೋಡಿದರು. ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡು ಚೀಲ ಹೆಗಲಿಗೇರಿಸಿದರು.

"ಬೇಡಪ್ಪ. ಎರಡು ದಿನ ಬಾಯಿ ಮುಚ್ಕೊಂಡಿದ್ದೋನಿಗೆ ಇವತ್ತು ಆ ಸೀಟು ಬೇಡ. ನೀನೇ ಕರ್ಕೊಂಡು ಹೋಗು."