ಬೇಸ್ ಊದುತ್ತಿದ್ದ ಕಾಕಾ

೧೯೮೪ರ ಫೆಬ್ರವರಿಯಲ್ಲಿ, ಮುಂಬಯಿ ಹತ್ತಿರದ ಕಲ್ಯಾಣದ ಒಂದು ದವಾಖಾನೆಯಲ್ಲಿ, ನಮ್ಮ ಚಾಳಿನ ಪಕ್ಕದ ಖೋಲಿಯ ಕಾಕಾ ಮೇಲ್ಸಾಲಿನ ಮುಂದಿನ ಎರಡು ಹಲ್ಲು ಕೀಳಿಸಿಕೊಂಡರು. ಮದುವೆ ಸೀಸನ್ನಿಗೆ ಎರಡು ತಿಂಗಳಿತ್ತು. ಅವರ ತುಟಿಗಳ ಸುತ್ತ ದುಂಡನೆಯ ಕಲೆಯೊಂದಿತ್ತು. ಇಪ್ಪತ್ತು ವರ್ಷ ಹಿತ್ತಾಳೆಯ ಮೌತ್‌ಪೀಸ್ ಒತ್ತಿ ಒತ್ತಿ ಆದದ್ದು. ಹಲ್ಲು ಹೋದ ಮೇಲೆ ಆ ಉಂಗುರದ ಮೇಲರ್ಧ ಒಳಕ್ಕೆ ಕುಸಿಯಿತು.

ಅವರು ಸ್ಟೇಷನ್ ಹತ್ತಿರದ ಒಂದು ಬ್ಯಾಂಡ್‌ನಲ್ಲಿ ಬೇಸ್ ಊದುತ್ತಿದ್ದರು. ಹೆಗಲ ಮೇಲೆ ಹೊತ್ತು ನಡೆಯಬೇಕಾದ, ಬಾಯಿ ಆಕಾಶಕ್ಕೆ ತೆರೆದ ದೊಡ್ಡ ಕಹಳೆ ಅದು. ಮೆರವಣಿಗೆಯಲ್ಲಿ ಅವರ ಜಾಗ ಕೊನೆಯ ಸಾಲು. ಹಾಡು ಊದುವವರು ಮುಂದಿರುತ್ತಿದ್ದರು. ಇವರ ಪಾಲಿಗೆ ಹೆಚ್ಚಿನ ಹಾಡುಗಳಲ್ಲಿ ಎರಡೇ ಸ್ವರ. ವಿಜಾಪುರದ ಕಡೆಯ ಅವರ ಹಳ್ಳಿಯಲ್ಲಿ ಅವರಪ್ಪ ಸನಾದಿಯವರ ಪಕ್ಕದಲ್ಲಿ ಕೂತು ಬರೀ ಶ್ರುತಿ ಹಿಡಿಯುತ್ತಿದ್ದರಂತೆ.

"ಹಾಡು ಮಂದಿ ಬಾರಸ್ತಾರ್ರೀ, ನೆಲ ನಾವು ಹಾಸ್ತೀವಿ," ಎನ್ನುತ್ತಿದ್ದರು. ಅವರ ಹೆಂಡತಿ ಕಾಕೂ ಒಳಗಿನಿಂದ, "ಹಂಗಾರ ಈ ಮನಿ ನೆಲಾನೂ ಒಂದೀಟು ಸಾರಸ್ರಿ," ಎನ್ನುವರು.

ನಾನು ಆಗ ಮುಂಬಯಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಕಾಕಾ ನನ್ನನ್ನು 'ಪೇಪರ್ ಸಾಹೇಬ್ರ' ಎಂದು ಕರೆಯುತ್ತಿದ್ದರು. ಅಚ್ಚಿಗೆ ಹೋಗದ ಫೋಟೋಗಳನ್ನು ಅವರಿಗೆ ತಂದು ತೋರಿಸುವ ರೂಢಿಯಿತ್ತು. ಹಿಮಾಲಯದ ಮಠದಲ್ಲಿ ನೆಲಕ್ಕೆ ಊರಿದ ಮಾರುದ್ದದ ಕಹಳೆ, ಸ್ವಿಸ್ ಬೆಟ್ಟದ ಮರದ ಕೊಂಬು, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರು ಊದುವ, ಗೆದ್ದಲು ತಿಂದು ಟೊಳ್ಳಾದ ಕೊಂಬೆ. ಕಾಕಾ ವಾದ್ಯ ನೋಡುತ್ತಿರಲಿಲ್ಲ, ಕತ್ತಿನ ನರ ನೋಡುತ್ತಿದ್ದರು.

"ಈ ಸ್ವಾಮಿ ಖರೇನ ಊದಾಕತ್ತಾನ. ಈ ಬೆಟ್ಟದಾಂವ ಫೋಟೋಕ್ಕ ನಿಂತಾನ. ಡಮ್ಮಿ."

ಮರುದಿನ ಆಫೀಸಿನಲ್ಲಿ ಇನ್ನೊಂದು ಫೋಟೋದ ಅಡಿಬರಹ ನನ್ನ ಮುಂದೆ ಬಂದಾಗ, 'ಊದುತ್ತಿರುವ' ಎಂಬುದನ್ನು ಹೊಡೆದು 'ಹಿಡಿದಿರುವ' ಎಂದು ಬರೆದೆ. ಆಮೇಲೆ ಯಾವ ಅಡಿಬರಹವನ್ನೂ ಫೋಟೋ ನೋಡದೆ ಬಿಟ್ಟಿಲ್ಲ.

ಡಮ್ಮಿ ಎಂಬುದು ಬ್ಯಾಂಡಿನವರ ಮಾತು. ಮದುವೆಯವರು ಇಪ್ಪತ್ತು ಜನರ ಬ್ಯಾಂಡ್ ಕೇಳುತ್ತಾರೆ, ಊದಬಲ್ಲವರು ಹತ್ತು ಮಂದಿ ಇರುತ್ತಾರೆ. ಉಳಿದ ಸಮವಸ್ತ್ರಗಳನ್ನು ಹಮಾಲರಿಗೂ ಗಾರೆ ಕೆಲಸದವರಿಗೂ ತೊಡಿಸಿ, ಕೈಗೊಂದು ವಾದ್ಯ ಕೊಟ್ಟು, ಕೆನ್ನೆ ಉಬ್ಬಿಸಿ ನಡೆಯಲು ಹೇಳುತ್ತಾರೆ. ಅವರು ತಪ್ಪಿ ಊದಿ ಅಪಸ್ವರ ಬಾರದಂತೆ ಆ ವಾದ್ಯಗಳ ಕೊಳವೆಗೆ ಬಟ್ಟೆ ತುರುಕಿರುತ್ತಾರೆ. ಡಮ್ಮಿಗಳನ್ನು ಕಾಕಾ ಹಾಸ್ಯ ಮಾಡಿದಷ್ಟು ಬೇರೆ ಯಾರೂ ಮಾಡುತ್ತಿರಲಿಲ್ಲ.

ಆ ಏಪ್ರಿಲ್‌ನಲ್ಲಿ ಬ್ಯಾಂಡಿನ ಮಾಲಕ ಕಾಕಾಗೂ ಅದನ್ನೇ ಹೇಳಿದ: "ಕಾಕಾ, ನುಸ್ತೇ ಗಾಲ್ ಫುಗವಾ." ಬರೀ ಕೆನ್ನೆ ಉಬ್ಬಿಸಿ.

ಸೀಸನ್ ಮುಗಿಯುವವರೆಗೆ ಅವರು ಡೊಂಬಿವಲಿ, ಠಾಣೆ, ಉಲ್ಲಾಸನಗರಗಳಲ್ಲಿ ಹಾಗೆಯೇ ನಡೆದರು. ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ನಳದ ಸಾಲಿನಲ್ಲಿ ನಿಂತು ನನಗೆ ಹೇಳಿದರು: "ಒಬ್ರಿಗೂ ಗೊತ್ತಾಗಲಿಲ್ರಿ. ವರನ ಕಡಿಯಾವ್ರು ಕುಣದ್ರು, ಹೋದ್ರು. ನಮ್ಮ ಢೋಲಿನಾಂವ ಒಬ್ಬನ ಕೇಳಿದ, ಕಾಕಾ, ಹೆಜ್ಜಿ ಎಲ್ಲಿ ಇಡೂದು ತಿಳೀವಲ್ದು ಅಂತ."

ಮಳೆಗಾಲವಿಡೀ ಅವರು ಮೌತ್‌ಪೀಸ್ ಒಂದನ್ನೇ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಎಡಬದಿಯ ಹಲ್ಲುಗಳ ಮೇಲೆ ಅದನ್ನು ಆನಿಸಿ ಊದುವುದನ್ನು ಹೊಸದಾಗಿ ಕಲಿತರು. ಮೊದಲು ಎಮ್ಮೆಯ ಉಸಿರಿನಂಥ ಸದ್ದು, ಆಮೇಲೆ ದುಂಬಿಯಂಥದು.

"ಅದರ ಬದಲಿ ನನ್ನ ಸ್ಟೋಕ್ಕ ಗಾಳಿ ಹೊಡೀರಿ. ಚಾ ಆದರೂ ಆಕ್ಕೈತಿ," ಎಂದರು ಕಾಕೂ.

ನವೆಂಬರ್ ಹೊತ್ತಿಗೆ ಎರಡೂ ಸ್ವರ ಗಟ್ಟಿಯಾಗಿದ್ದವು. ತುಳಸಿ ಲಗ್ನದ ನಂತರ ಠಾಣೆಯ ಮಾಜಿವಾಡಾದಲ್ಲಿ ಒಂದು ಮದುವೆ ಇತ್ತು. ಮಾಲಕನಿಗೆ ಹೇಳದೆ, ಮೆರವಣಿಗೆಯ ನಡುವೆ ಊದಿಯೇ ಬಿಡುತ್ತೇನೆ ಎಂದು ಹೋದರು. ಬೇಸ್ ಯಾವಾಗಲೂ ಬ್ಯಾಂಡಿನ ಅಂಗಡಿಯಲ್ಲೇ ಇರುತ್ತಿತ್ತು, ಅಲ್ಲಿಂದಲೇ ಹೆಗಲಿಗೇರಿಸಿಕೊಂಡರು.

ಮರುದಿನ ಬಾಗಿಲಲ್ಲಿ ಕೂತಿದ್ದರು. "ಬರೇ ಗಾಳಿ ಬಂತ್ರಿ, ಸಾಹೇಬ್ರ. ಮೂರು ಸಲ ಊದಿದೆ. ಎದಿ ಒಡೀತೈತಿ ಅನ್ನೂಹಂಗ ಊದಿದೆ. ಮುಗೀತು, ಒಳಗ ಏನೂ ಉಳದಿಲ್ಲ."

ಮೌತ್‌ಪೀಸನ್ನು ಕಾಕೂ ಕೈಗೆ ಕೊಟ್ಟು, ಮಾರನೆಯ ವಾರದಿಂದ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಇಳಿಸಲು ಹೋದರು.

೧೯೮೫ರ ಮಾರ್ಚಿನಲ್ಲಿ, ಸೀಸನ್ನಿಗೆ ಮೊದಲು ಹುಣಸೆಹಣ್ಣು ಹಚ್ಚಿ ವಾದ್ಯಗಳನ್ನು ತೊಳೆಯುತ್ತಿದ್ದ ಢೋಲಿನವನು ಬೇಸ್‌ನೊಳಗೆ ನೀರು ಇಳಿಯದ್ದನ್ನು ಕಂಡು ತಂತಿ ಹಾಕಿ ಎಳೆದ. ಗೇಣುದ್ದದ ಬಟ್ಟೆ ಬಂತು. ಅದನ್ನು ಹಿಡಿದುಕೊಂಡೇ ಚಾಳಿಗೆ ಓಡಿಬಂದ. ಹಿಂದಿನ ಏಪ್ರಿಲ್‌ನಲ್ಲಿ ಡಮ್ಮಿಗಳ ವಾದ್ಯಕ್ಕೆಲ್ಲ ತುರುಕುವಾಗ ಮಾಲಕ ಇದಕ್ಕೂ ತುರುಕಿದ್ದ. ಇಪ್ಪತ್ತು ವರ್ಷ ತಾನು ಊದಿದ ವಾದ್ಯಕ್ಕೂ ಬಟ್ಟೆ ಹಾಕಿರಬಹುದೆಂದು ಕಾಕಾಗೆ ಹೊಳೆದೇ ಇರಲಿಲ್ಲ.

ಬಟ್ಟೆಯನ್ನು ಅವರು ಹೊರಳಿಸಿ ನೋಡಿದರು. ಹಳೆಯ ಸಮವಸ್ತ್ರದ ತೋಳು. ಬೈಯಲಿಲ್ಲ. "ಮೌತ್‌ಪೀಸ್ ಎಲ್ಲೈತಿ?" ಎಂದರು. ಕಾಕೂ ಹಿಟ್ಟಿನ ಡಬ್ಬಿಯ ಹಿಂದಿನಿಂದ ತೆಗೆದುಕೊಟ್ಟರು.

ಅದು ನನ್ನ ರಜೆಯ ದಿನ. ಜೊತೆಗೆ ಹೋದೆ. ಅಂಗಡಿಯ ಬಾಗಿಲಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ನಿಂತು ಕಾಕಾ ಊದಿದರು. ಮೊದಲ ಸ್ವರಕ್ಕೆ ತಗಡಿನ ಶಟರ್ ಅದುರಿತು. ಎರಡನೆಯದಕ್ಕೆ ಎದುರಿನ ಚಹಾದವನು ಗ್ಲಾಸುಗಳ ಮೇಲೆ ಕೈಯಿಟ್ಟ.

ಮಾಲಕ ಹೊರಬಂದ. ಬಟ್ಟೆಯ ಬಗ್ಗೆ ನಾನು ಕೇಳಿದೆ. "ಡಮ್ಮಿಗಳಿಗೆಲ್ಲ ಹಾಕಿದೆ. ಕಾಕಾ ಕೇಳಲಿಲ್ಲ, ನಾನು ಹೇಳಲಿಲ್ಲ," ಎಂದ ಹಿಂದಿಯಲ್ಲಿ. ಆಮೇಲೆ ಕಾಕಾರನ್ನು ಒಳಗೆ ಕರೆದ. ನಾಲ್ಕು ಗಾಲಿಯ ಗಾಡಿಯ ಮೇಲೆ ಕೀಬೋರ್ಡ್, ಎರಡು ಭೋಂಗಾ ಸ್ಪೀಕರ್, ಒಂದು ಜನರೇಟರ್ ಕೂರಿಸಿದ್ದರು. ಅದೇ ವಾರ ಬಂದದ್ದು. ನುಡಿಸುವ ನಡುವಯಸ್ಸಿನವನೊಬ್ಬ ಎಡಗೈಯ ಎರಡು ಬೆರಳು ಇಟ್ಟ. ಅವೇ ಎರಡು ಸ್ವರ.

ಕಾಕಾ ತಲೆ ಬಗ್ಗಿಸಿ ಕೇಳಿದರು. "ಸುರ ಬರೋಬ್ಬರಿ ಐತಿ," ಎಂದರು.

"ಗಾಡಿ ದೂಡುತ್ತೀರಾ, ಕಾಕಾ?" ಎಂದು ಮಾಲಕ ಕೇಳಿದ.

ನಾಲ್ಕು ಸೀಸನ್ ದೂಡಿದರು. ೧೯೮೯ರ ಜನವರಿಯಲ್ಲಿ, ಜ್ವರ ಬಂದ ಆರನೆಯ ದಿನ ತೀರಿಕೊಂಡರು. ಢೋಲಿನವನು ಹೆಗಲು ಕೊಟ್ಟ. ಮಾಲಕ ಹಾರ ಕಳಿಸಿದ್ದ. ಕಾಕೂ ಊರಿಗೆ ಹೋದರು. ಆ ಏಪ್ರಿಲ್‌ನಿಂದ ಗಾಡಿ ದೂಡಲು ಹತ್ತಿರದ ದಿವಾ ಊರಿನಿಂದ ಒಬ್ಬರು ಬರತೊಡಗಿದರು.